ತಲೆಯೊಳಗಿನ ಗಿಟಾರು

ಮಾರ್ಚ್ ೩, ಭಾನುವಾರ. ಮಧ್ಯಾಹ್ನ. ಅಡುಗೆಮನೆಯ ಮೇಜು. ಅವರು ಒಳಗೆ ಮಲಗಿದ್ದಾರೆ.

ಚಿಕ್ಕಪ್ಪ,

ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಬರೆದರೆ ನೀವು ಓದುವುದಿಲ್ಲ. ನಮ್ಮ ಹೊಲಿಗೆ ಅಂಗಡಿಯ ಎದುರಿನ ಹೋಟೆಲಿನಲ್ಲಿ ಪ್ರತಿ ಶನಿವಾರ ನುಡಿಸುವ ಬ್ಯಾಂಡಿಗೆ ಗಿಟಾರಿನವರು ಬೇಕಂತೆ. ಇದ್ದವನು ಬೇರೆ ಊರಿಗೆ ಹೋದ. ಏಪ್ರಿಲ್ ಇಪ್ಪತ್ತರಂದು ಅವರ ಜೊತೆ ನುಡಿಸಿ ತೋರಿಸಬೇಕು. ನಾನು ಹೆಸರು ಕೊಟ್ಟು ಬಂದಿದ್ದೇನೆ.

ನಗಬೇಡಿ. ಆ ಬ್ಯಾಂಡಿನವರ ಪ್ಯಾಂಟುಗಳನ್ನು ಇಷ್ಟು ವರ್ಷ ಬಿಗಿ ಮಾಡಿ, ಸಡಿಲ ಮಾಡಿ ಕೊಟ್ಟವಳು ನಾನು. ಯಾರ ಸೊಂಟ ಎಷ್ಟು ಬೆಳೆದಿದೆ ಎಂದು ತಿಳಿದವಳನ್ನು ಜೊತೆಗೆ ಸೇರಿಸಿಕೊಳ್ಳಲು ಅವರಿಗೂ ಸ್ವಲ್ಪ ಅಳುಕಿರಬಹುದು. ಡ್ರಮ್ ಬಾರಿಸುವವರೇ ತಂಡದ ಹಿರಿಯರು. ಎಲ್ಲರೂ ಅವರನ್ನು ಗಡಿಯಾರ ಎನ್ನುತ್ತಾರೆ. ಹೆಸರು ಬರೆದುಕೊಳ್ಳುತ್ತಾ, "ನೀವಾ? ಗಿಟಾರಾ?" ಎಂದರು. "ಹೌದು, ನಾನೇ. ಗಿಟಾರೇ," ಎಂದೆ.

ತೊಂದರೆ ಏನೆಂದರೆ, ಬೇಕರಿಯಲ್ಲಿ ನಮ್ಮ ಯಜಮಾನರ ಪಾಳಿ ಬದಲಾಗಿದೆ. ಬೆಳಕು ಹರಿಯುವ ಮೊದಲು ಹೋಗುತ್ತಾರೆ, ಮಧ್ಯಾಹ್ನ ಬಂದು ಉಂಡು ಮಲಗುತ್ತಾರೆ. ಅಂಗಡಿಯಿಂದ ನನಗೆ ಬಿಡುವು ಸಿಗುವುದೂ ಆಗಲೇ. ಸಂಜೆ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಅವರು ಮತ್ತೆ ಮಲಗುವ ಸಮಯ. ಮೊದಲೆಲ್ಲ ಸಂಜೆ ನಾನು ನುಡಿಸುತ್ತಿದ್ದರೆ ಅವರು ಎದುರಿನ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಅದನ್ನೇ ನಾನು ವಿಮರ್ಶೆ ಎಂದುಕೊಂಡಿದ್ದೆ. ಮನೆಯಲ್ಲಿರುವುದು ಒಂದೇ ಕೋಣೆ, ಒಂದು ಅಡುಗೆಮನೆ, ನಡುವೆ ಸರಿಯಾಗಿ ಮುಚ್ಚದ ಬಾಗಿಲು. ನನ್ನ ಎಲೆಕ್ಟ್ರಿಕ್ ಗಿಟಾರಿನ ಸ್ಪೀಕರನ್ನು ಮಂಚದ ಕೆಳಗೆ ತಳ್ಳಿದ್ದೇನೆ.

ಆ ದ್ವೀಪದಲ್ಲಿ ಎಲ್ಲರೂ ಒಟ್ಟಿಗೆ ಮಲಗುವ ಕೋಣೆಯಲ್ಲಿ ನೀವು ಹೇಗೆ ನುಡಿಸುತ್ತೀರಿ? ಉಪಾಯ ಇದ್ದರೆ ತಿಳಿಸಿ. ಹೇಗಾದರೂ ಸರಿ, ಈ ಜಾಗ ನನಗೆ ಬೇಕು.

ನಿಮ್ಮ
ಸೂಜಿ


ಮಾರ್ಚ್ ೧೧. ದ್ವೀಪ. ಜನರೇಟರ್ ಕೋಣೆ.

ಸೂಜಿ,

ನಗಲಿಲ್ಲ. ಒಂದೇ ಸಲ ನಕ್ಕೆ, ಸೊಂಟದ ಮಾತಿಗೆ.

ಈ ಪತ್ರದ ಜೊತೆ ಒಂದು ಪುಟ್ಟ ಡಬ್ಬಿ ಬರುತ್ತದೆ. ತರುವವನು ನನ್ನ ಕೋಣೆಯ ಜೊತೆಗಾರ. ಈ ಹವಾಮಾನ ಕೇಂದ್ರದಲ್ಲಿ ಗಾಳಿ ಅಳೆಯುವುದು ಅವನ ಕೆಲಸ, ಆದ್ದರಿಂದ ಅವನು ಗಾಳಿಯವನು. ರಜೆಗೆ ನಿಮ್ಮ ಊರಿನ ಮೇಲೇ ಹೋಗುತ್ತಾನೆ. ಮಾತು ಜಾಸ್ತಿ. ಊಟ ಹಾಕಿದರೆ ಸ್ವಲ್ಪ ಕಡಿಮೆಯಾಗುತ್ತದೆ.

ಡಬ್ಬಿಯ ಮೂತಿಯನ್ನು ಗಿಟಾರಿನ ತೂತಿಗೆ ನೇರವಾಗಿ ಚುಚ್ಚು. ಹೆಡ್‌ಫೋನಿನ ತಂತಿಯನ್ನು ಡಬ್ಬಿಗೆ ಚುಚ್ಚು. ಆಯಿತು. ಒಂದು ಗುಂಡಿ ಸದ್ದು ಹೆಚ್ಚಿಸಲು, ಇನ್ನೊಂದು ಸದ್ದು ಒರಟು ಮಾಡಲು. ಎರಡನೆಯದನ್ನು ಮುಟ್ಟದಿದ್ದರೆ ಒಳ್ಳೆಯದು. ಮುಟ್ಟುತ್ತೀಯ ಎಂದು ಗೊತ್ತು. ಪಕ್ಕದಲ್ಲಿ ಇನ್ನೊಂದು ತೂತಿದೆ, ಅದಕ್ಕೆ ರೆಕಾರ್ಡರನ್ನೋ ಫೋನನ್ನೋ ಸಿಕ್ಕಿಸಿದರೆ ಅದರ ಹಾಡೂ ಅದೇ ಹೆಡ್‌ಫೋನಿನಲ್ಲಿ ಕೇಳುತ್ತದೆ, ಜೊತೆಗೆ ನುಡಿಸಬಹುದು. ಬ್ಯಾಟರಿ ಹೊಸದೇ ಹಾಕಿದ್ದೇನೆ. ನುಡಿಸಿದ ಮೇಲೆ ಆರಿಸುವುದನ್ನು ಮರೆಯಬೇಡ, ಮರೆತರೆ ಮರುದಿನ ಮೂಗನ ಜೊತೆ ಕೂತ ಹಾಗೆ ಆಗುತ್ತದೆ.

ಈ ಡಬ್ಬಿ ಬರುವ ಮೊದಲು ಗಾಳಿಯವನೂ ನಾನೂ ಮಾತು ಬಿಟ್ಟಿದ್ದೆವು. ಬಂದ ಮೇಲೆ ಸ್ನೇಹಿತರಾದೆವು. ಈಗ ಅವನೇ ಅದನ್ನು ಹೊತ್ತು ತರುತ್ತಿದ್ದಾನೆ ನೋಡು.

ನಿಮಗೆ ಬೇಡವೇ ಎಂದು ಕೇಳಬೇಡ. ನನಗೆ ಬೇರೆ ವ್ಯವಸ್ಥೆ ಆಗಿದೆ.

ಜಾಗ ಬೇಕು ಎಂದು ಬರೆದೆಯಲ್ಲ, ಆ ಸಾಲು ಚೆನ್ನಾಗಿದೆ. ಹಾಗೇ ಇರು.

ಚಿಕ್ಕಪ್ಪ


ಮಾರ್ಚ್ ೧೯, ಮಂಗಳವಾರ.

ಚಿಕ್ಕಪ್ಪ,

ಗಾಳಿಯವರು ಬಂದಿದ್ದರು. ಊಟ ಹಾಕಿದೆವು, ಮಾತು ಕಡಿಮೆಯಾಗಲಿಲ್ಲ. ಆದರೆ ಇವರಿಗೆ ಅವರು ತುಂಬ ಹಿಡಿಸಿದರು. ಇಬ್ಬರೂ ಕೂತು ಗಾಳಿಯ ತೇವ ಹೆಚ್ಚಾದರೆ ಹಿಟ್ಟು ಹೇಗೆ ಹುದುಗುತ್ತದೆ ಎಂದು ಹೊತ್ತು ಹೋದದ್ದು ತಿಳಿಯದೆ ಮಾತಾಡಿದರು. ಇವರು ಮನೆಯಲ್ಲಿ ಕೂಗಿ ಮಾತಾಡುವುದನ್ನು ಕಂಡು ಗಾಳಿಯವರಿಗೆ ಜಗಳವೇನೋ ಎನಿಸಿರಬೇಕು. ಜಗಳವಲ್ಲ. ಬೇಕರಿಯಲ್ಲಿ ಹಿಟ್ಟು ನಾದುವ ಯಂತ್ರ ದಢಬಡ ತಿರುಗುತ್ತಿರುತ್ತದೆ, ಅದರ ಪಕ್ಕ ನಿಂತು ನಿಂತು ಅದೇ ಗಂಟಲು ಮನೆಗೂ ಬರುತ್ತದೆ.

ಡಬ್ಬಿ ಚುಚ್ಚಿದೆ. ಮೊದಲ ತಂತಿ ಮುಟ್ಟಿದಾಗ ಬೆಚ್ಚಿಬಿದ್ದೆ. ಸ್ಪೀಕರಿನಲ್ಲಿ ಗಿಟಾರು ಎದುರಿಗಿರುತ್ತದೆ. ಇದರಲ್ಲಿ ಅದು ಎರಡು ಕಿವಿಗಳ ನಡುವೆ, ಹಣೆಯ ಹಿಂದೆ ಎಲ್ಲೋ ಕೂತು ನುಡಿಯುತ್ತದೆ. ಬೆರಳು ಜಾರಿದ್ದೂ ಕೇಳುತ್ತದೆ. ಇಷ್ಟು ಹತ್ತಿರದಿಂದ ನನ್ನನ್ನು ನಾನು ಕೇಳಿಯೇ ಇರಲಿಲ್ಲ.

ಇವರು ಒಳಗಿನಿಂದ, "ಏನದು, ಇಲಿ ಕಡಿದ ಹಾಗೆ ಕರಕರ?" ಎಂದರು.

"ಗಿಟಾರು. ಮಲಗಿ, ನಿಮಗಿನ್ನು ಏನೂ ಕೇಳ್ಸಲ್ಲ," ಎಂದೆ.

"ಹ್ಞೂಂ," ಎಂದರು. ಅಷ್ಟೇ.

ಬೇರೆ ವ್ಯವಸ್ಥೆ ಎಂದರೆ ದೊಡ್ಡ ಆಂಪ್ಲಿಫೈಯರ್ ತೆಗೆದುಕೊಂಡಿರಾ? ಗಾಳಿಯವರನ್ನು ಕೇಳಿದರೆ ಅವರು, ಆಶ್ಚರ್ಯ, ಸುಮ್ಮನಾದರು. ಈಗ ಏನು ನುಡಿಸುತ್ತಿದ್ದೀರಿ?

ಸೂಜಿ


ಏಪ್ರಿಲ್ ೨, ಮಂಗಳವಾರ.

ಚಿಕ್ಕಪ್ಪ,

ನಿಮ್ಮಿಂದ ಪತ್ರವಿಲ್ಲ. ಸಮುದ್ರ ಕೆಟ್ಟಿದೆ ಎಂದು ರೇಡಿಯೋದಲ್ಲಿ ಹೇಳಿದರು. ನಿಮ್ಮವರೇ ಹೇಳಿಸಿದ್ದಿರಬೇಕು.

ದಿನವೂ ತಪ್ಪದೆ ನುಡಿಸುತ್ತಿದ್ದೇನೆ. ಬ್ಯಾಂಡಿನವರ ಹಾಡುಗಳೆಲ್ಲ ಈಗ ಕೈಯಲ್ಲಿವೆ. ಎರಡನೆಯ ಗುಂಡಿಯನ್ನು ಮುಟ್ಟಿದ್ದೇನೆ. ಸ್ವಲ್ಪ ಅಲ್ಲ, ಅರ್ಧಕ್ಕೂ ಮೇಲೆ. ತಂತಿಯನ್ನು ಸುಮ್ಮನೆ ಸವರಿದರೂ ಸ್ವರ ತುಂಬಿಕೊಂಡು ಬರುತ್ತದೆ. ಬಲಗೈಗೆ ಶ್ರಮವೇ ಇಲ್ಲ.

ಆದರೆ ಇವರ ನಿದ್ದೆ ಸರಿಯಾಗುತ್ತಿಲ್ಲ. ಹೊರಳುತ್ತಾರೆ. ನೀರು ಕುಡಿಯಲು ಏಳುತ್ತಾರೆ, ಬಾಗಿಲ ಹತ್ತಿರ ಒಂದು ಕ್ಷಣ ನಿಲ್ಲುತ್ತಾರೆ, ಏನೂ ಹೇಳದೆ ಹೋಗುತ್ತಾರೆ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಆ ಕರಕರವೇ ತೊಂದರೆ ಎಂದು ನನಗೆ ಅರ್ಥವಾಯಿತು. ಅದಕ್ಕೊಂದು ಉಪಾಯ ಮಾಡಿದೆ, ಕೇಳಿ. ಅಂಗಿಯ ಕಾಲರಿನೊಳಗೆ ಇಟ್ಟು ಹೊಲಿಯುವ ದಪ್ಪ ಬಟ್ಟೆಯಿರುತ್ತದಲ್ಲ, ಅದರದೊಂದು ಪಟ್ಟಿಯನ್ನು ಗಿಟಾರಿನ ಕುತ್ತಿಗೆಯ ಮೇಲ್ತುದಿಗೆ, ತಂತಿಗಳ ಮೇಲೆ ಬರುವಂತೆ ಸುತ್ತಿ ಗುಂಡಿ ಹಾಕಿದೆ. ಬೆರಳು ಒತ್ತಿದ ಸ್ವರ ಮಾತ್ರ ಬರುತ್ತದೆ. ಮಿಕ್ಕ ತಂತಿಗಳು ಬಾಯಿ ಮುಚ್ಚಿಕೊಂಡಿರುತ್ತವೆ. ಹೆಡ್‌ಫೋನಿನಲ್ಲೂ ಎಷ್ಟು ಚೊಕ್ಕಟ ಎಂದರೆ, ಇಸ್ತ್ರಿ ಮಾಡಿದ ಹಾಗಿದೆ.

ಅವರು ಮಾತ್ರ ಇನ್ನೂ ಹೊರಳುತ್ತಿದ್ದಾರೆ. ನಾನು ಆ ಬ್ಯಾಂಡಿಗೆ ಹೋಗುವುದೇ ಅವರಿಗೆ ಇಷ್ಟವಿಲ್ಲ ಎಂದು ಕಾಣುತ್ತದೆ. ಇಷ್ಟವಿಲ್ಲದಿದ್ದರೆ ಇಲ್ಲ. ಜಾಗ ಸಿಕ್ಕಮೇಲೆ ಮಾತಾಡಿದರಾಯಿತು.

ನೀವು ಏನು ನುಡಿಸುತ್ತಿದ್ದೀರಿ ಎಂದು ಕೇಳಿದ್ದೆ.

ಸೂಜಿ


ಏಪ್ರಿಲ್ ೮. ದ್ವೀಪ.

ಸೂಜಿ,

ದೋಣಿ ಈಗ ಬಂತು. ನಿನ್ನ ಎರಡೂ ಪತ್ರ ಒಟ್ಟಿಗೆ ಬಂದವು. ಅದೇ ದೋಣಿ ವಾಪಸು ಹೊರಡುವ ಮೊದಲು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ.

ಆ ಪಟ್ಟಿಯನ್ನು ಈಗಲೇ ತೆಗೆ. ಡಬ್ಬಿಯ ಆ ಎರಡನೆಯ ಗುಂಡಿಯನ್ನು ಪೂರ್ತಿ ಇಳಿಸು. ಸ್ಪೀಕರನ್ನು ಮಂಚದ ಕೆಳಗಿನಿಂದ ಈಚೆಗೆ ಎಳೆದು ವಾರಕ್ಕೊಂದು ಸಲವಾದರೂ ಅದರಲ್ಲಿ ನುಡಿಸು. ಮನೆಯಲ್ಲಾಗದಿದ್ದರೆ ಅಂಗಡಿಯಲ್ಲಿ, ಅಲ್ಲೂ ಆಗದಿದ್ದರೆ ರಸ್ತೆಯಲ್ಲಿ. ಹೆಡ್‌ಫೋನು ಒಳ್ಳೆಯದೇ, ಆದರೆ ಅದು ಮುಖಸ್ತುತಿ ಮಾಡುವ ನೆಂಟನ ಹಾಗೆ. ನಿನ್ನನ್ನು ಬಿಟ್ಟು ಬೇರೆ ಯಾರನ್ನೂ ಕೋಣೆಗೆ ಬಿಡುವುದಿಲ್ಲ. ಸುಮ್ಮನಿರಬೇಕಾದ ತಂತಿಯನ್ನು ಸುಮ್ಮನಿರಿಸಬೇಕಾದದ್ದು ನಿನ್ನ ಅಂಗೈ, ಕಾಲರು ಬಟ್ಟೆಯಲ್ಲ.

ಗಾಳಿಯವನು ಇದೇ ದೋಣಿಯಲ್ಲಿ ಮರಳಿದ. ಅಳಿಯ ಕೊಟ್ಟು ಕಳಿಸಿದ ರಸ್ಕಿನ ಡಬ್ಬಿ ಮುಟ್ಟಿತು, ಇಲ್ಲಿಯವರೆಲ್ಲ ಸೇರಿ ಮುಗಿಸಿಯೂ ಆಯಿತು. ಒಂದು ಮಾತನ್ನೂ ಹೊತ್ತು ತಂದಿದ್ದಾನೆ. ಅದನ್ನು ನಿನಗೆ ಈಗ ಹೇಳುವ ಹಾಗಿಲ್ಲ. ಆಮೇಲೆ ನೋಡೋಣ.

ನಾನು ಈಗೀಗ ನಿಧಾನದ್ದು ನುಡಿಸುತ್ತೇನೆ.

ಚಿಕ್ಕಪ್ಪ


ಏಪ್ರಿಲ್ ೨೨, ಸೋಮವಾರ.

ಚಿಕ್ಕಪ್ಪ,

ನಿಮ್ಮ ಎಂಟನೆಯ ತಾರೀಖಿನ ಪತ್ರ ಇವತ್ತು ಬೆಳಿಗ್ಗೆ ಬಂತು. ನುಡಿಸಿ ತೋರಿಸುವುದು ಮೊನ್ನೆ ಮುಗಿಯಿತು.

ಹೇಗಾಯಿತೋ ಹಾಗೆ ಬರೆಯುತ್ತೇನೆ. ಹೋಟೆಲಿನ ಸಭಾಂಗಣದಲ್ಲಿ ಕುರ್ಚಿಗಳನ್ನು ಮೇಜುಗಳ ಮೇಲೆ ಬೋರಲು ಹಾಕಿ ನೆಲ ಒರೆಸುತ್ತಿದ್ದರು. ಗಡಿಯಾರ ಅವರು ನನ್ನ ಗಿಟಾರನ್ನು ನೋಡಿ, "ಏನಮ್ಮ ಇದು, ಗಿಟಾರಿಗೆ ನೆಗಡಿಯಾ? ಕುತ್ತಿಗೆಗೆ ಪಟ್ಟಿ ಸುತ್ತಿದೀರಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಪಟ್ಟಿ ಬಿಚ್ಚಿ ಜೇಬಿಗೆ ಹಾಕಿದೆ. ಅವರ ಆಂಪ್ಲಿಫೈಯರ್ ಬೀರುವಿನಷ್ಟಿದೆ. ಅದರಲ್ಲಿ ಸದ್ದು ಒರಟು ಮಾಡುವ ಗುಂಡಿಯನ್ನು ನನ್ನ ಡಬ್ಬಿಯಲ್ಲಿ ಇಡುತ್ತಿದ್ದ ಜಾಗಕ್ಕೇ ತಿರುಗಿಸಿದೆ.

ಮೊದಲ ಸ್ವರಕ್ಕೇ ಎಲ್ಲ ತಂತಿಗಳೂ ಒಟ್ಟಿಗೆ ಊಳಿಟ್ಟವು. ಒಂದನ್ನು ಹಿಡಿದರೆ ಇನ್ನೊಂದು. ಮಕ್ಕಳ ವಾರ್ಡಿನ ಹಾಗೆ. ನೆಲ ಒರೆಸುವವಳು ಬಕೆಟ್ ಬಿಟ್ಟು ಕಿವಿ ಮುಚ್ಚಿಕೊಂಡಳು. ಗುಂಡಿ ಇಳಿಸಿದೆ. ಆಗ ನನ್ನ ಬಲಗೈ ಎಷ್ಟು ಮೆದುವಾಗಿದೆ ಎಂದು ಎಲ್ಲರಿಗೂ ಗೊತ್ತಾಯಿತು, ಡ್ರಮ್ಮಿನ ಅಡಿಯಲ್ಲಿ ನಾನು ಇರಲೇ ಇಲ್ಲ. ಆದರೂ ನಿಲ್ಲಿಸಲಿಲ್ಲ ಚಿಕ್ಕಪ್ಪ. ಕೊಟ್ಟ ಹಾಡುಗಳನ್ನೆಲ್ಲ ಕೊನೆಯವರೆಗೆ ನುಡಿಸಿದೆ. ಒಂದು ಸ್ವರವೂ ತಪ್ಪಿಲ್ಲ. ಅದನ್ನು ಅವರೂ ಒಪ್ಪಿದರು.

ಕೊನೆಗೆ ಗಡಿಯಾರ ಅವರು ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು, "ಕೈ ಕಲ್ತಿದೆ. ಆದ್ರೆ ನೀವು ನಮ್ ಜೊತೆ ನುಡಿಸ್ಲಿಲ್ಲ, ನಮ್ ಪಕ್ಕದಲ್ಲಿ ನುಡಿಸಿದ್ರಿ," ಎಂದರು.

"ಇನ್ನೊಂದು ಸಲ ಬರ್ತೀನಿ," ಎಂದೆ.

"ಅಲ್ಲಮ್ಮ..."

"ಬೇರೆ ಯಾರಾದ್ರೂ ಸಿಕ್ಕಿದಾರಾ ನಿಮ್ಗೆ?"

ಸಿಕ್ಕಿರಲಿಲ್ಲ. ಅವರು ಉಳಿದವರ ಮುಖ ನೋಡಿದರು, ಉಳಿದವರು ತಮ್ಮ ತಮ್ಮ ಪ್ಯಾಂಟು ನೋಡಿಕೊಂಡರು. "ಮೇ ಹದಿನೆಂಟಕ್ಕೆ ಬನ್ನಿ. ಅದೇ ಕೊನೆ," ಎಂದರು.

ಮನೆಗೆ ಬಂದಾಗ ಇವರು ಎದ್ದು ಕೂತಿದ್ದರು. "ಏನಂದ್ರು?" "ಇನ್ನೊಂದ್ಸಲ ಬರ್ಬೇಕಂತೆ." "ಹ್ಞೂಂ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಜಾಗ ಸಿಗಲಿಲ್ಲವೆಂದು ಅವರ ಮನಸ್ಸು ಹಗುರಾಗಿರಬೇಕು.

ಈಗ ನನ್ನ ಸಿಟ್ಟು. ಹೆಡ್‌ಫೋನಿನಲ್ಲೇ ಇದ್ದರೆ ಹೀಗಾಗುತ್ತದೆ ಎಂದು ಡಬ್ಬಿ ಕಳಿಸಿದ ದಿನವೇ ಬರೆಯಬಹುದಿತ್ತು. ಬ್ಯಾಟರಿ ಬಗ್ಗೆ ಬರೆದಿರಿ. ಏನು ನುಡಿಸುತ್ತಿದ್ದೀರಿ ಎಂದು ಕೇಳಿದರೆ ನಿಧಾನದ್ದು ಎನ್ನುತ್ತೀರಿ, ಅದು ಉತ್ತರವೇ? ಗಾಳಿಯವರು ತಂದ ಮಾತು ನನ್ನದಾದರೆ ನನಗೆ ಕೊಡಿ. ಎಲ್ಲರೂ ನನ್ನ ನಿದ್ದೆ ಕೆಡಬಾರದೆಂದು ಮೆಲ್ಲಗೆ ಓಡಾಡುತ್ತಿರುವ ಹಾಗಿದೆ. ನಾನು ಮಲಗಿಲ್ಲ.

ಸೂಜಿ


ಏಪ್ರಿಲ್ ೩೦. ದ್ವೀಪ. ಜನರೇಟರ್ ಓಡುತ್ತಿದೆ.

ಸೂಜಿ,

ಸರಿಯಾಗಿ ಬೈದಿದ್ದೀಯ. ಒಂದೊಂದಾಗಿ ಹೇಳುತ್ತೇನೆ.

ನಾನು ಏನೂ ನುಡಿಸುತ್ತಿಲ್ಲ. ಎಡಗೈಯ ಬೆರಳುಗಳು ಗಂಟು ಕಟ್ಟಿವೆ. ಬೆಳಿಗ್ಗೆ ಮಡಚಿದರೆ ಬಿಡಿಸಲು ಬಲಗೈ ಬೇಕು. ತಂತಿ ಒತ್ತುವ ಮಾತೇ ಇಲ್ಲ. ಇಲ್ಲಿಗೆ ಬರುವ ಡಾಕ್ಟರು ವಯಸ್ಸು ಎಂದರು. ಅದು ನನಗೂ ಗೊತ್ತಿತ್ತು. ಬೇರೆ ವ್ಯವಸ್ಥೆ ಎಂದದ್ದು ಇದನ್ನೇ. ನೀನು ದೊಡ್ಡ ಆಂಪ್ಲಿಫೈಯರ್ ಎಂದುಕೊಂಡೆ, ನನಗೂ ಹಾಗೆಂದುಕೊಂಡರೆ ಚೆನ್ನಾಗಿರುತ್ತದೆ ಎನಿಸಿತು. ಇದಕ್ಕೆ ಉತ್ತರವಾಗಿ ಪುಟಗಟ್ಟಲೆ ಬರೆಯಬೇಡ. ಗಿಟಾರು ಗೋಡೆಯಲ್ಲಿದೆ, ಗಾಳಿಯವನು ಅದರ ಧೂಳು ಒರೆಸುತ್ತಾನೆ, ಸಾಕು.

ಎರಡನೆಯದು. ಡಬ್ಬಿಯ ಕೆಡುಕು ನನಗೆ ಹೊಳೆಯಲಿಲ್ಲ, ಏಕೆಂದರೆ ಅದು ನನ್ನನ್ನು ಕೆಡಿಸಲಿಲ್ಲ. ಯಾಕೆ ಎಂದು ನಿನ್ನ ಪತ್ರ ಓದಿದ ಮೇಲೆ ಯೋಚಿಸಿದೆ. ನಾನು ನುಡಿಸುತ್ತಿದ್ದದ್ದು ಮಲಗುವ ಕೋಣೆಯಲ್ಲಿ ಸ್ವಲ್ಪ, ಇಲ್ಲಿ, ಕೆಲಸದ ಜಾಗದಲ್ಲಿ, ಬಹಳ. ಇಲ್ಲಿ ಕಿವಿಗೆ ಏನು ಮುಚ್ಚಿಕೊಂಡರೂ ಜನರೇಟರಿನ ಸದ್ದು ಪಾದದಿಂದ ಹತ್ತಿ ಬರುತ್ತದೆ. ಅದು ನನಗಾಗಿ ನಿಧಾನವಾಗುವುದಿಲ್ಲ. ತಪ್ಪಿದರೆ ಕಾಯುವುದಿಲ್ಲ. ಅದರ ಮೇಲೆ ಕೇಳಬೇಕೆಂದರೆ ಕೈ ಗಟ್ಟಿಯಾಗಲೇಬೇಕು. ಅದೇ ನನ್ನ ಬ್ಯಾಂಡು. ನಿನಗೆ ಡಬ್ಬಿ ಕಳಿಸಿದೆ, ಜನರೇಟರ್ ಕಳಿಸಲು ಮರೆತೆ.

ಮೂರನೆಯದು ಗಾಳಿಯವನು ತಂದ ಮಾತು. ರಜೆ ಮುಗಿಸಿ ಮರಳುವಾಗ ಅವನು ನಿಮ್ಮ ಮನೆಗೆ ಮತ್ತೆ ಹೋಗಿದ್ದನಂತೆ, ನೀನು ಅಂಗಡಿಯಲ್ಲಿದ್ದೆ, ಆಗ ಅಳಿಯ ಅವನ ಹತ್ತಿರ ಹೇಳಿದ್ದು. ಗಾಳಿಯವನು ದನಿ ಸಮೇತ ಒಪ್ಪಿಸಿದ್ದಾನೆ, ನಾನು ಹಾಗೇ ಬರೆಯುತ್ತೇನೆ:

"ಇವಳು ನುಡಿಸ್ತಿದ್ರೇನೇ ನಂಗೆ ನಿದ್ದೆ ಹತ್ತೋದು. ವರ್ಷಗಟ್ಲೆ ಅಭ್ಯಾಸ. ಈಗ ಆ ಡಬ್ಬಿ ಹಾಕ್ಕೊಂಡು ಕೂತ್ರೆ ನಂಗೆ ಬರೀ ಕರಕರ. ಕಿವಿ ಕೊಟ್ಟು ಕೊಟ್ಟು ಯಾವ ಹಾಡು ಅಂತ ಹುಡುಕ್ತೀನಿ, ಅಷ್ಟರಲ್ಲಿ ಏಳೋ ಹೊತ್ತಾಗುತ್ತೆ. ನಂಗೆ ಕೇಳಿಸ್ಬಾರ್ದು ಅಂತ್ಲೇ ಹಾಕ್ಕೊಂಡಿದಾಳೋ ಏನೋ. ಕೇಳೋದ್ ಹೇಗೆ? ಪರೀಕ್ಷೆ ಮುಗಿಯೋವರ್ಗೂ ಅವಳ ಕಿವಿಗೆ ಹಾಕ್ಬೇಡಿ."

ಪರೀಕ್ಷೆ ಮುಗಿಯಿತು, ಕಿವಿಗೆ ಹಾಕಿದ್ದೇನೆ. ನೀನು ಗೊರಕೆಯನ್ನು ವಿಮರ್ಶೆ ಎಂದುಕೊಂಡಿದ್ದೆಯಲ್ಲ, ವಿಮರ್ಶೆಯೇ. ನಿನಗೆ ಓದಲು ಬರಲಿಲ್ಲ ಅಷ್ಟೇ.

ಇನ್ನು ಏನು ಮಾಡುತ್ತೀಯೋ ನೀನೇ ನೋಡಿಕೋ. ಉಪಾಯ ಹೇಳಿ ಹೇಳಿ ನಿನ್ನನ್ನು ಇಲ್ಲಿಗೆ ತಂದು ನಿಲ್ಲಿಸಿದ್ದೇನೆ, ಇನ್ನು ಹೇಳುವುದಿಲ್ಲ.

ಚಿಕ್ಕಪ್ಪ


ಮೇ ೭, ಮಂಗಳವಾರ. ಮಧ್ಯಾಹ್ನ. ಅಡುಗೆಮನೆಯ ಮೇಜು.

ಚಿಕ್ಕಪ್ಪ,

ಪುಟಗಟ್ಟಲೆ ಬರೆಯಬೇಡ ಎಂದಿದ್ದೀರಿ, ಬರೆಯುವುದಿಲ್ಲ. ಬೆರಳಿನ ವಿಷಯ ಓದಿದ ದಿನ ಅಂಗಡಿಯಲ್ಲಿ ಒಂದು ಕೋಟಿನ ಎಡತೋಳನ್ನು ತಪ್ಪಾಗಿ ಕತ್ತರಿಸಿದೆ. ಅಷ್ಟು ಮಾತ್ರ ಹೇಳುತ್ತೇನೆ.

ಗಾಳಿಯವರು ತಂದ ಮಾತನ್ನು ನಾನು ಕೂಡಲೇ ನಂಬಲಿಲ್ಲ. ನೋಡೋಣ ಎಂದು ನಿನ್ನೆ ಹೆಡ್‌ಫೋನ್ ಹಾಕಿಕೊಂಡೆ, ಡಬ್ಬಿ ಹಚ್ಚಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕರಕರ ನುಡಿಸಿದೆ. ನಮ್ಮ ಮನೆಯಲ್ಲಿ ಅವರಿಗೆ ಏನು ಕೇಳುತ್ತದೋ ಅದನ್ನು ಮೊದಲ ಸಲ ನಾನೂ ಕೇಳಿದೆ. ಒಣ ಎಲೆಯ ಮೇಲೆ ಯಾರೋ ನಡೆದ ಹಾಗೆ, ಅದರಲ್ಲಿ ಹಾಡನ್ನು ಹುಡುಕುವುದು ಕಷ್ಟ. ಆಮೇಲೆ ನಡುವೆಯೇ ಕೈ ನಿಲ್ಲಿಸಿ ಸುಮ್ಮನೆ ಕೂತೆ.

ಒಳಗಿನಿಂದ ದನಿ ಬಂತು. "ನಿಂತೋಯ್ತಾ?"

"ಇಲ್ಲ. ತಂತಿ ಸರಿ ಮಾಡ್ತಿದೀನಿ."

"ಹ್ಞೂಂ. ಮುಂದುವರ್ಸು. ಅರ್ಧಕ್ಕೆ ಬಿಟ್ಟೆ ಅದನ್ನ."

ಯಾವ ಹಾಡಿನ ಅರ್ಧ ಎಂದು ಅವರಿಗೆ ಗೊತ್ತಿತ್ತು ಚಿಕ್ಕಪ್ಪ. ಬಾಗಿಲ ಸಂದಿನಲ್ಲಿ ನೋಡಿದೆ. ಕಣ್ಣು ಬಿಟ್ಟುಕೊಂಡು ಚಾವಣಿ ನೋಡುತ್ತಾ ಮಲಗಿದ್ದರು. ಆ ಹ್ಞೂಂಗಳನ್ನೆಲ್ಲ ಮತ್ತೆ ಮೊದಲಿನಿಂದ ಓದಿಕೊಳ್ಳಬೇಕಾಯಿತು.

ನಾನು ತೀರ್ಮಾನಿಸಿದ್ದು ಇಷ್ಟು.

ಇನ್ನು ಮಧ್ಯಾಹ್ನ ಸ್ಪೀಕರಿನಲ್ಲೇ, ಸದ್ದು ಇಳಿಸಿ. ಅದು ಅವರ ನಿದ್ದೆಗೆ. ನನ್ನ ಕೈಗೆ ಅದು ಸಾಲದು. ನನಗೆ ಕಾಯದೇ ಓಡುವ ಒಂದು ಯಂತ್ರ ಬೇಕು, ಅಂಥದ್ದು ನಮ್ಮವರ ಬೇಕರಿಯಲ್ಲಿ ಬೆಳಗಾಗುವ ಮೊದಲಿನಿಂದ ತಿರುಗುತ್ತಿರುತ್ತದೆ. ಭಟ್ಟಿ ಕಾಯುವವರೆಗೆ ಅಲ್ಲಿ ಇವರು ಮತ್ತು ಆ ಯಂತ್ರ, ಇಬ್ಬರೇ. ಹಿಟ್ಟಿನ ಮೂಟೆಗಳ ಪಕ್ಕ ಒಂದು ಮುಕ್ಕಾಲಿ ಹಾಕಿಕೊಂಡು, ಸ್ಪೀಕರ್ ನೆಲದ ಮೇಲಿಟ್ಟು, ಅದರ ದಢಬಡದ ಜೊತೆ ನುಡಿಸುತ್ತೇನೆ. ಪಟ್ಟಿ ಇಲ್ಲ. ಒರಟು ಮಾಡುವ ಗುಂಡಿ ಸೊನ್ನೆಗೆ. ಕೇಳಿಸುತ್ತಿದೆಯೇ ಇಲ್ಲವೇ ಎಂದು ಹೇಳಲು ಇವರಿದ್ದಾರೆ. ಅಲ್ಲಿ ಹೇಗೂ ಕೂಗಿಯೇ ಮಾತಾಡಬೇಕು, ಹ್ಞೂಂ ಎಂದರೆ ನನಗೆ ಕೇಳುವುದಿಲ್ಲ, ಆದ್ದರಿಂದ ಬಾಯಿ ಬಿಟ್ಟೇ ಹೇಳಬೇಕಾಗುತ್ತದೆ.

ಡಬ್ಬಿ ನಿಮಗೆ ವಾಪಸು ಬರುತ್ತದೆ. ಬೇಡ ಎನ್ನಬೇಡಿ, ನನಗೂ ಬೇರೆ ವ್ಯವಸ್ಥೆ ಆಗಿದೆ. ಅದರ ಪಕ್ಕದ ತೂತಿನ ಬಗ್ಗೆ ನೀವೇ ಬರೆದಿದ್ದಿರಿ. ಬೇಕರಿಯಲ್ಲಿ ನುಡಿಸುವುದನ್ನು ರೆಕಾರ್ಡ್ ಮಾಡಿ ಜೊತೆಗೆ ಕಳಿಸುತ್ತೇನೆ, ಆ ತೂತಿಗೆ ಸಿಕ್ಕಿಸಿ ಕೇಳಿ. ಎಲ್ಲಿ ಕೈ ಮೆದುವಾಗಿದೆ, ಎಲ್ಲಿ ಯಂತ್ರವನ್ನು ಬಿಟ್ಟು ಓಡಿದ್ದೇನೆ ಎಂದು ಮುಲಾಜಿಲ್ಲದೆ ಬರೆಯಿರಿ. ನಿಮ್ಮ ಬೆರಳಿನದಲ್ಲ, ಕಿವಿಯ ಕೆಲಸ ಇದು. ಗಾಳಿಯವರ ನಿದ್ದೆಯೂ ಕೆಡುವುದಿಲ್ಲ.

ಹದಿನೆಂಟಕ್ಕೆ ಏನಾಗುತ್ತದೋ ಗೊತ್ತಿಲ್ಲ. ಈ ಸಲ ಅವರ ಪಕ್ಕದಲ್ಲಿ ನುಡಿಸುವುದಿಲ್ಲ ಎಂಬುದು ಮಾತ್ರ ಗೊತ್ತು.

ಇವರಿಗೆ ಇನ್ನೂ ಏನೂ ಹೇಳಿಲ್ಲ. ನಾಳೆ ಅವರು ಹೊರಡಲು ಚಪ್ಪಲಿ ಮೆಟ್ಟಿಕೊಳ್ಳುವಾಗ ನಾನೂ ಮೆಟ್ಟಿಕೊಳ್ಳುತ್ತೇನೆ. "ಎಲ್ಲಿಗೆ?" ಎನ್ನುತ್ತಾರೆ. ಆಗ ಗಿಟಾರನ್ನು ಅವರ ಕೈಗೆ ಕೊಟ್ಟು, ಸ್ಪೀಕರನ್ನು ನಾನು ಎತ್ತಿಕೊಳ್ಳುತ್ತೇನೆ.

ಸ್ಪೀಕರ್ ಸದ್ಯ ಮಂಚದ ಕೆಳಗೇ ಇದೆ. ಮಂಚದ ಮೇಲೆ ಅವರು ಮಲಗಿದ್ದಾರೆ. ಎಂದರೆ, ಕಣ್ಣು ಬಿಟ್ಟುಕೊಂಡು.

ಸೂಜಿ